ಸಾಲದ ಕಂತು ಕಟ್ಟುತ್ತಿರುವಾಗ ಬೇಸಿಕ್ ಬ್ಯಾಂಕ್ ಖಾತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸಾಲ ಕೈಮೀರಿದ ಮೇಲೆ ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿಯ ಜೊತೆ ಕೂತು ಮಾತಾಡಿ, 'ತಿಂಗಳಿಗೆ ಇಷ್ಟು ಕಟ್ಟುತ್ತೇನೆ' ಅಂತ ಒಪ್ಪಿಕೊಂಡವರಿಗಾಗಿ ಈ ಪುಟ. ಕೆಲವರದ್ದು ಕಂತು ಇಳಿಸಿ ಅವಧಿ ಹೆಚ್ಚಿಸಿಕೊಂಡ ಸಾಲ. ಕೆಲವರದ್ದು ಓಟಿಎಸ್, ಅಂದರೆ ಇಷ್ಟು ಕಟ್ಟಿದರೆ ಸಾಲ ಮುಗಿಯಿತು ಅಂತ ಮಾಡಿಕೊಂಡ ಸೆಟಲ್‌ಮೆಂಟ್. ಇನ್ನು ಕೆಲವರದ್ದು ಲೋಕ ಅದಾಲತ್‌ನಲ್ಲಿ ಆದ ರಾಜಿ. ಹೆಸರು ಏನೇ ಇರಲಿ, ಖಾತೆಯ ವಿಷಯಕ್ಕೆ ಬಂದಾಗ ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

ನನ್ನ ಹೆಸರಲ್ಲಿ ಸಾಲ ಬಾಕಿ ಇದೆ. ಬ್ಯಾಂಕ್‌ನವರು ಹೊಸ ಖಾತೆ ಕೊಡುತ್ತಾರಾ?

ಕೊಡಬೇಕು. ಸಾಲ ಇದ್ದವರಿಗೆ ಉಳಿತಾಯ ಖಾತೆ ಕೊಡಬಾರದು ಅಂತ ಯಾವ ನಿಯಮವೂ ಇಲ್ಲ. ಖಾತೆಯಲ್ಲಿ ಇಡುವುದು ನಿಮ್ಮ ದುಡ್ಡು, ಅದರಿಂದ ಬ್ಯಾಂಕಿಗೆ ಮುಳುಗುವ ಭಯ ಏನಿದೆ?

ಈ ಗೊಂದಲ ಎಲ್ಲಿಂದ ಬಂತು ಅಂತ ಊಹಿಸಬಹುದು. ಸೆಟಲ್‌ಮೆಂಟ್ ಮಾಡಿಕೊಂಡವರಿಗೆ 'ಇನ್ನು ಒಂದು ವರ್ಷ ನಿಮಗೆ ಏನೂ ಸಿಗಲ್ಲ' ಅಂತ ಹೇಳಿರುತ್ತಾರೆ. 2023ರ ಜೂನ್‌ನಲ್ಲಿ ಆರ್‌ಬಿಐ ಮಾಡಿದ ನಿಯಮದ ಪ್ರಕಾರ, ರಾಜಿ ಮಾಡಿಕೊಂಡ ಸಂಸ್ಥೆ ಅದೇ ವ್ಯಕ್ತಿಗೆ ಮತ್ತೆ ಸಾಲ ಕೊಡಬೇಕಾದರೆ ಕನಿಷ್ಠ 12 ತಿಂಗಳು ಬಿಡಬೇಕು. ಕೃಷಿ ಸಾಲಕ್ಕೆ ಲೆಕ್ಕ ಬೇರೆ. ಆದರೆ ಇದೆಲ್ಲ ಹೊಸ ಸಾಲದ ಮಾತು. ದುಡ್ಡು ಇಡುವ ಖಾತೆಗೂ ಇದಕ್ಕೂ ಸಂಬಂಧವಿಲ್ಲ.

ಬೇಸಿಕ್ ಖಾತೆ ಅಂದರೆ ಏನು? ಜನಧನ್ ಖಾತೆಯೇನಾ?

ಬ್ಯಾಂಕಿನ ಭಾಷೆಯಲ್ಲಿ ಇದಕ್ಕೆ ಬಿಎಸ್‌ಬಿಡಿ ಖಾತೆ ಅಂತಾರೆ. ಜನ ಕರೆಯುವುದು ಝೀರೋ ಬ್ಯಾಲೆನ್ಸ್ ಖಾತೆ ಅಂತ. 2005ರಲ್ಲಿ 'ನೋ ಫ್ರಿಲ್ಸ್' ಅನ್ನೋ ಹೆಸರಲ್ಲಿ ಶುರುವಾಗಿ, 2012ರಲ್ಲಿ ಈಗಿನ ಹೆಸರು ಪಡೆಯಿತು. ಕನಿಷ್ಠ ಬ್ಯಾಲೆನ್ಸ್ ಇಡಬೇಕಿಲ್ಲ. ಎಷ್ಟು ಸಲ ಬೇಕಾದರೂ ದುಡ್ಡು ಹಾಕಬಹುದು. ಎಟಿಎಂ ಕಾರ್ಡ್ ಪುಕ್ಕಟೆ. ತಿಂಗಳಿಗೆ ಕನಿಷ್ಠ ನಾಲ್ಕು ಸಲ ಶುಲ್ಕವಿಲ್ಲದೆ ದುಡ್ಡು ತೆಗೆಯಬಹುದು. ಸರ್ಕಾರಿ ಬ್ಯಾಂಕ್ ಮಾತ್ರ ಅಲ್ಲ, ಖಾಸಗಿ ಬ್ಯಾಂಕ್‌ಗಳೂ ಇದನ್ನು ಕೊಡಲೇಬೇಕು.

2025ರ ಡಿಸೆಂಬರ್‌ನಲ್ಲಿ ಆರ್‌ಬಿಐ ಇದನ್ನು ಇನ್ನಷ್ಟು ಚೆನ್ನಾಗಿ ಮಾಡಿತು. 2026ರ ಏಪ್ರಿಲ್ 1ರಿಂದ ವರ್ಷಕ್ಕೆ ಕನಿಷ್ಠ 25 ಹಾಳೆಯ ಚೆಕ್ ಬುಕ್, ಮೊಬೈಲ್ ಬ್ಯಾಂಕಿಂಗ್, ಇಂಟರ್ನೆಟ್ ಬ್ಯಾಂಕಿಂಗ್, ಪಾಸ್‌ಬುಕ್ ಎಲ್ಲಾ ಉಚಿತವಾಗಿ ಸೇರಬೇಕು ಅಂತ ಹೇಳಿತು. ಬಡವರ ಖಾತೆ ಅಂತ ಅರೆಬರೆ ಸೌಲಭ್ಯ ಕೊಡುವ ಕಾಲ ಹೋಯಿತು ಅಂದುಕೊಳ್ಳಬಹುದು.

ಜನಧನ್ ಖಾತೆ ಇದೇ ಜಾತಿಯದ್ದು. 2014ರ ಆಗಸ್ಟ್ 28ರಂದು ಶುರುವಾಯಿತು. ಜೊತೆಗೆ ರುಪೇ ಕಾರ್ಡ್‌ನ ಅಪಘಾತ ವಿಮೆ ಬರುತ್ತದೆ, 2018ರ ಆಗಸ್ಟ್ 28ರ ನಂತರ ತೆರೆದ ಖಾತೆಗಳಿಗೆ 2 ಲಕ್ಷ ರೂಪಾಯಿವರೆಗೆ. ಆದರೆ ಕಾರ್ಡ್ ಬೀರುವಿನಲ್ಲೇ ಇದ್ದರೆ ವಿಮೆ ಸಿಗುವುದಿಲ್ಲ. ಅಪಘಾತಕ್ಕೆ ಹಿಂದಿನ 90 ದಿನಗಳಲ್ಲಿ ಅದನ್ನು ಬಳಸಿರಬೇಕು.

ನನ್ನ ಸಿಬಿಲ್ ಸ್ಕೋರ್ ಕೆಟ್ಟುಹೋಗಿದೆ. ಅದನ್ನು ನೋಡಿ ಇಲ್ಲ ಅಂದರೆ?

ಸಿಬಿಲ್ ಬೇಕಾಗುವುದು ಸಾಲಕ್ಕೆ, ಕ್ರೆಡಿಟ್ ಕಾರ್ಡ್‌ಗೆ. ಬೇಸಿಕ್ ಖಾತೆಗೆ ಬೇಕಾಗುವುದು ಕೆವೈಸಿ, ಅಂದರೆ ಗುರುತು-ವಿಳಾಸದ ದಾಖಲೆ ಮಾತ್ರ. ಈ ಖಾತೆ ತೆರೆದರೆ ಸ್ಕೋರ್ ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ಯಾವ ಬ್ಯಾಂಕಿನಲ್ಲಿ ತೆರೆಯಬೇಕು?

ನಿಮಗೆ ಸಾಲ ಕೊಟ್ಟಿರದ ಬ್ಯಾಂಕಿನಲ್ಲಿ. ಈ ಪುಟದಲ್ಲಿ ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ.

ಕಾರಣ ಇಷ್ಟೇ. ಒಂದೇ ಬ್ಯಾಂಕಿನಲ್ಲಿ ನಿಮ್ಮ ಸಾಲವೂ ಇದೆ, ಉಳಿತಾಯ ಖಾತೆಯೂ ಇದೆ ಅಂದರೆ, ಗಡುವು ಮೀರಿದ ಸಾಲಕ್ಕೆ ಆ ಖಾತೆಯ ದುಡ್ಡನ್ನು ಜಮಾ ಮಾಡಿಕೊಳ್ಳುವ ಹಕ್ಕು ಬ್ಯಾಂಕಿಗೆ ಇರುತ್ತದೆ. 1872ರ ಕರಾರು ಕಾಯ್ದೆಯ 171ನೇ ಸೆಕ್ಷನ್ ಬ್ಯಾಂಕ್‌ಗಳಿಗೆ ಇಂಥ ಹಿಡಿತ ಕೊಟ್ಟಿದೆ. ಸಾಲದ ಪತ್ರದಲ್ಲೂ ಸಾಮಾನ್ಯವಾಗಿ ಈ ಷರತ್ತು ಇರುತ್ತದೆ, ಸಣ್ಣ ಅಕ್ಷರದಲ್ಲಿ. ಬೆಳಿಗ್ಗೆ ಸಂಬಳ ಬಂತು ಅಂತ ಮೆಸೇಜ್ ಬರುತ್ತದೆ, ಮಧ್ಯಾಹ್ನ ಎಟಿಎಂಗೆ ಹೋದರೆ ದುಡ್ಡು ಇಲ್ಲ. ಕೇಳಿದರೆ 'ಲೀನ್ ಹಾಕಿದ್ದೇವೆ' ಅಥವಾ 'ಹೋಲ್ಡ್ ಆಗಿದೆ' ಅಂತಾರೆ, ಅಂದರೆ ಸಾಲಕ್ಕಾಗಿ ದುಡ್ಡನ್ನು ತಡೆಹಿಡಿದಿದ್ದಾರೆ. ಮನೆ ಬಾಡಿಗೆ, ರೇಷನ್, ಮಕ್ಕಳ ಫೀಸು ಎಲ್ಲಾ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಕರ್ನಾಟಕದಲ್ಲಿ ಇಲ್ಲೊಂದು ಸಿಕ್ಕು ಇದೆ. ಬ್ಯಾಂಕ್‌ಗಳು ಒಂದರಲ್ಲೊಂದು ಸೇರಿಕೊಂಡಿವೆ. ನೀವು ಹತ್ತು ವರ್ಷದ ಹಿಂದೆ ಸಿಂಡಿಕೇಟ್ ಬ್ಯಾಂಕಿನಲ್ಲಿ ಸಾಲ ಮಾಡಿದ್ದರೆ, 2020ರ ಏಪ್ರಿಲ್ 1ರಿಂದ ಅದು ಕೆನರಾ ಬ್ಯಾಂಕಿನ ಸಾಲ. ಕಾರ್ಪೊರೇಷನ್ ಬ್ಯಾಂಕಿನದ್ದು ಅದೇ ದಿನದಿಂದ ಯೂನಿಯನ್ ಬ್ಯಾಂಕಿನದ್ದಾಯಿತು. ವಿಜಯಾ ಬ್ಯಾಂಕಿನದ್ದು 2019ರಲ್ಲೇ ಬ್ಯಾಂಕ್ ಆಫ್ ಬರೋಡಾಗೆ ಹೋಯಿತು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಆಯಿತು. ರಾಜ್ಯದ ಎರಡು ಗ್ರಾಮೀಣ ಬ್ಯಾಂಕ್‌ಗಳು 2025ರ ಮೇ 1ರಿಂದ ಒಂದೇ. ಎಚ್‌ಡಿಎಫ್‌ಸಿ ಲಿಮಿಟೆಡ್‌ನಿಂದ ಪಡೆದ ಗೃಹಸಾಲ 2023ರ ಜುಲೈ 1ರಿಂದ ಎಚ್‌ಡಿಎಫ್‌ಸಿ ಬ್ಯಾಂಕಿನ ಸಾಲ. 'ಬೇರೆ ಬ್ಯಾಂಕಿಗೆ ಹೋದೆ' ಅಂದುಕೊಂಡು ಸಾಲ ಕೊಟ್ಟವರ ಮನೆ ಬಾಗಿಲಿಗೇ ಹೋಗಿ ನಿಲ್ಲಬೇಡಿ. ಹಳೆ ಪಾಸ್‌ಬುಕ್ ಮೇಲಿನ ಹೆಸರನ್ನು ನಂಬದೆ, ಈಗ ಸಾಲದ ನೋಟಿಸ್ ಯಾರ ಲೆಟರ್‌ಹೆಡ್‌ನಲ್ಲಿ ಬರುತ್ತಿದೆ ನೋಡಿ.

ತಲೆಬಿಸಿಯೇ ಬೇಡ ಅನ್ನುವವರಿಗೆ ಅಂಚೆ ಕಚೇರಿಯ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಇದೆ. ಪೇಮೆಂಟ್ಸ್ ಬ್ಯಾಂಕ್‌ಗಳು ಸಾಲ ಕೊಡುವ ಹಾಗೇ ಇಲ್ಲ, ಹಾಗಾಗಿ ಅಲ್ಲಿ ಸ್ವಂತ ಸಾಲಕ್ಕೆ ಮುರಿದುಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ. ದಿನದ ಕೊನೆಗೆ 2 ಲಕ್ಷಕ್ಕಿಂತ ಜಾಸ್ತಿ ಇಡುವಂತಿಲ್ಲ. ಕಂತು ಕಟ್ಟುತ್ತಿರುವ ಮನೆಗೆ ಆ ಮಿತಿ ತೊಂದರೆ ಕೊಡುವುದು ಅಪರೂಪ. ಹಳ್ಳಿಯಲ್ಲಿ ಪೋಸ್ಟ್‌ಮ್ಯಾನ್ ಮನೆಗೇ ಬಂದು ಬೆರಳಚ್ಚು ತೆಗೆದುಕೊಂಡು ಖಾತೆ ಮಾಡಿಕೊಡುತ್ತಾರೆ.

ಹೀಗೆ ಬೇರೆ ಬ್ಯಾಂಕಿನಲ್ಲಿ ದುಡ್ಡು ಇಡುವುದು ಮೋಸ ಆಗಲ್ವಾ?

ಆಗುವುದಿಲ್ಲ. ಒಪ್ಪಿಕೊಂಡ ಕಂತನ್ನು ಹೊತ್ತಿಗೆ ಸರಿಯಾಗಿ ಕಟ್ಟಿ, ಉಳಿದದ್ದರಲ್ಲಿ ಮನೆ ನಡೆಸುವುದಕ್ಕೆ ಜಾಗ ಮಾಡಿಕೊಳ್ಳುತ್ತಿದ್ದೀರಿ. ಆದಾಯ, ಖರ್ಚಿನ ವಿವರ ಕೇಳಿದಾಗ ಈ ಖಾತೆಯನ್ನು ಮುಚ್ಚಿಟ್ಟರೆ ಮಾತ್ರ ತಪ್ಪು. ಒಪ್ಪಂದದ ಪತ್ರದಲ್ಲಿ 'ಹೊಸ ಖಾತೆ ತೆರೆದರೆ ತಿಳಿಸಬೇಕು' ಅನ್ನೋ ಸಾಲು ಇದೆಯಾ ಅಂತ ಒಮ್ಮೆ ಓದಿ. ಇದ್ದರೆ ಒಂದು ಪತ್ರ ಬರೆದು ಕೊಟ್ಟು, ಅದರ ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ.

ಹೊಸ ಖಾತೆ ಆಯ್ತು. ಹಳೆ ಖಾತೆಯನ್ನು ಸುಮ್ನೆ ಹಾಗೇ ಬಿಟ್ಟುಬಿಡಲಾ?

ಬೇಡ. ಜನ ಏಟು ತಿನ್ನುವುದು ಇಲ್ಲೇ.

ನಿಮ್ಮ ಕಂತು ಹಳೆ ಖಾತೆಯಿಂದ ತಾನಾಗಿ ಕಡಿತ ಆಗುತ್ತಿದ್ದರೆ, ಅದಕ್ಕೆ ನೀವು ಯಾವತ್ತೋ ಸಹಿ ಹಾಕಿದ ಮ್ಯಾಂಡೇಟ್, ಅಂದರೆ ಕಂತು ಮುರಿದುಕೊಳ್ಳಿ ಅಂತ ಕೊಟ್ಟ ಒಪ್ಪಿಗೆ ಇರುತ್ತದೆ. ಜನ ಈಗಲೂ ಇಸಿಎಸ್ ಅಂತಾರೆ, ಈಗ ಹೀಗೆ ಕಂತು ಕಡಿತ ಮಾಡುವ ವ್ಯವಸ್ಥೆಯ ಹೆಸರು ನ್ಯಾಚ್. ಸಂಬಳ ಹೊಸ ಖಾತೆಗೆ ಬರಲು ಶುರುವಾದರೂ ಮ್ಯಾಂಡೇಟ್ ಮಾತ್ರ ಪ್ರತಿ ತಿಂಗಳು ಹಳೆ ಖಾತೆಯ ಬಾಗಿಲನ್ನೇ ಬಡಿಯುತ್ತದೆ. ಅಲ್ಲಿ ದುಡ್ಡಿಲ್ಲ, ಬೌನ್ಸ್ ಆಯಿತು. ಬ್ಯಾಂಕ್ ಒಂದು ಬೌನ್ಸ್‌ಗೆ 500 ರೂಪಾಯಿ ಹಾಕುತ್ತದೆ ಅಂತ ಇಟ್ಟುಕೊಳ್ಳಿ. ಅದರ ಮೇಲೆ ಶೇ. 18ರ ಜಿಎಸ್‌ಟಿ ಸೇರಿ 590. ಸಾಲ ಕೊಟ್ಟ ಕಂಪನಿಯೂ ತನ್ನ ಪಾಲಿನ ದಂಡ ಹಾಕುತ್ತದೆ. ಒಂದೇ ತಿಂಗಳಲ್ಲಿ ಎರಡು ಮೂರು ಸಲ ಮ್ಯಾಂಡೇಟ್ ಕಳಿಸುವ ಕಂಪನಿಗಳೂ ಇವೆ. 3,000 ರೂಪಾಯಿ ಕಂತಿಗೆ ಸಾವಿರಕ್ಕೂ ಜಾಸ್ತಿ ದಂಡ ಬಿದ್ದ ಪಾಸ್‌ಬುಕ್ ನೋಡಿದರೆ ಹೊಟ್ಟೆ ಉರಿಯುತ್ತದೆ.

ದುಡ್ಡಿನ ನಷ್ಟದ ಜೊತೆಗೆ ಕಾನೂನಿನ ತೊಡಕೂ ಇದೆ. ಚೆಕ್ ಬೌನ್ಸ್‌ಗೆ 138ನೇ ಸೆಕ್ಷನ್ ಇರುವ ಹಾಗೆ, ಖಾತೆಯಲ್ಲಿ ದುಡ್ಡಿಲ್ಲದೆ ಮ್ಯಾಂಡೇಟ್ ಬೌನ್ಸ್ ಆದರೆ 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಸೆಕ್ಷನ್ ಇದೆ. ನೋಟಿಸ್ ಕೈಗೆ ಬಂದ 15 ದಿನಗಳಲ್ಲಿ ಕಟ್ಟದಿದ್ದರೆ ಕೇಸು ಹಾಕಬಹುದು. ಎರಡು ವರ್ಷದವರೆಗೆ ಜೈಲು, ಇಲ್ಲವೇ ಮೊತ್ತದ ಎರಡರಷ್ಟು ದಂಡ, ಇಲ್ಲವೇ ಎರಡೂ. ಅಂಥ ನೋಟಿಸ್ ಬಂದರೆ ಡ್ರಾಯರ್‌ಗೆ ಹಾಕಿ ಕೂರಬೇಡಿ.

ಹಾಗಾಗಿ ಕೆಲಸ ಈ ಕ್ರಮದಲ್ಲಿ ಆಗಲಿ. ಮೊದಲು ಹೊಸ ಖಾತೆ. ಆಮೇಲೆ ಸಾಲ ಕೊಟ್ಟವರಿಗೆ ಹೇಳಿ ಹೊಸ ಖಾತೆಯ ಮೇಲೆ ಮ್ಯಾಂಡೇಟ್ ಮಾಡಿಸುವುದು. ಹೊಸದರಿಂದ ಒಂದು ಕಂತು ಸರಿಯಾಗಿ ಹೋಯಿತು ಅಂತ ಖಾತ್ರಿ ಮಾಡಿಕೊಂಡ ಮೇಲೆ ಹಳೆ ಮ್ಯಾಂಡೇಟ್ ರದ್ದು ಮಾಡಿಸುವುದು. ಹಳೆ ಖಾತೆಯ ಮೇಲೆ ಮುಂಗಡ ದಿನಾಂಕದ ಚೆಕ್‌ಗಳನ್ನು ಕೊಟ್ಟಿದ್ದರೆ ಅವನ್ನು ವಾಪಸ್ ಪಡೆದು, ನಂಬರ್ ಹೊಂದಿಸಿ ನೋಡಿ. ಇಷ್ಟೆಲ್ಲ ಆದ ಮೇಲೆ ಹಳೆ ಖಾತೆ ಮುಚ್ಚುವ ಮಾತು.

ನನಗೆ ಸಂಬಳ 7ಕ್ಕೆ ಬರುತ್ತದೆ, ಕಂತು 5ಕ್ಕೆ ಹೋಗುತ್ತದೆ. ಏನು ಮಾಡಲಿ?

ಹೊಸ ಮ್ಯಾಂಡೇಟ್‌ಗೆ ಸಹಿ ಹಾಕುವಾಗಲೇ ದಿನಾಂಕ ಬದಲಿಸಿಕೊಡಿ ಅಂತ ಕೇಳಿ, 10ನೇ ತಾರೀಖು ಅಥವಾ ಅದರ ಆಚೆಗೆ. ಒಪ್ಪಂದದ ಹೊತ್ತಿನಲ್ಲಿ ಮೊತ್ತದ ಬಗ್ಗೆ ಎಲ್ಲರೂ ಚೌಕಾಸಿ ಮಾಡುತ್ತಾರೆ, ತಾರೀಖಿನ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. 2021ರ ಆಗಸ್ಟ್‌ನಿಂದ ನ್ಯಾಚ್ ಭಾನುವಾರ, ಹಬ್ಬದ ದಿನವೂ ನಡೆಯುತ್ತದೆ. 'ರಜೆ ಇದೆ, ನಾಳೆ ಹಾಕೋಣ' ಅನ್ನುವ ಹಳೆ ಲೆಕ್ಕ ಈಗ ನಡೆಯುವುದಿಲ್ಲ.

ಗೃಹಲಕ್ಷ್ಮಿ ದುಡ್ಡು, ವಿಧವಾ ವೇತನ ಹಳೆ ಖಾತೆಗೆ ಬರುತ್ತಿದೆ. ಹೊಸದಕ್ಕೆ ಹೇಗೆ ತರುವುದು?

ಸರ್ಕಾರದ ದುಡ್ಡು ಆಧಾರ್ ನಂಬರ್ ಹಿಡಿದು ಬರುವುದಾದರೆ, ಅದು ಯಾವ ಬ್ಯಾಂಕಿಗೆ ಹೋಗಬೇಕು ಅನ್ನೋದು ಎನ್‌ಪಿಸಿಐ (ದೇಶದ ಬ್ಯಾಂಕ್ ಪಾವತಿ ವ್ಯವಸ್ಥೆ ನಡೆಸುವ ಸಂಸ್ಥೆ) ಇಟ್ಟಿರುವ ಒಂದು ಪಟ್ಟಿಯಲ್ಲಿ ಇರುತ್ತದೆ. ಆ ಪಟ್ಟಿಯಲ್ಲಿ ನಿಮ್ಮ ಆಧಾರ್ ಎದುರು ಒಂದೇ ಬ್ಯಾಂಕಿನ ಹೆಸರು. ಕೊನೆಗೆ ಯಾವ ಬ್ಯಾಂಕಿನಲ್ಲಿ ಸೀಡಿಂಗ್ (ಸರ್ಕಾರದ ದುಡ್ಡಿಗಾಗಿ ಆಧಾರ್ ಜೋಡಿಸುವುದು) ಮಾಡಿಸಿದ್ದೀರೋ ಆ ಬ್ಯಾಂಕ್. ಹೊಸ ಖಾತೆಗೆ ಕೆವೈಸಿ ಅಂತ ಆಧಾರ್ ಜೆರಾಕ್ಸ್ ಕೊಟ್ಟ ಮಾತ್ರಕ್ಕೆ ಇದು ಬದಲಾಗುವುದಿಲ್ಲ. ಸೀಡಿಂಗ್‌ಗೆ ಬೇರೆ ಒಪ್ಪಿಗೆ ಫಾರ್ಮ್ ಇದೆ. ಅದನ್ನು ಕೇಳಿ ಪಡೆದು, ತುಂಬಿ, ಸಹಿ ಹಾಕಿ ಕೊಡಬೇಕು.

ಕೆಲವು ದಿನ ಬಿಟ್ಟು ಮೈಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿ. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಯಾವ ಯೋಜನೆಯ ಎಷ್ಟು ದುಡ್ಡು ಯಾವ ಬ್ಯಾಂಕಿಗೆ ಹೋಗಿದೆ ಅಂತಲೂ ಕಾಣುತ್ತದೆ. 'ಈ ತಿಂಗಳು ಗೃಹಲಕ್ಷ್ಮಿ ಬಂದೇ ಇಲ್ಲ' ಅಂತ ಪಂಚಾಯ್ತಿಗೆ, ಸಿಡಿಪಿಓ ಕಚೇರಿಗೆ ಅಲೆಯುವ ಮೊದಲು ಇದನ್ನು ನೋಡಿ. ದುಡ್ಡು ಎಷ್ಟೋ ಸಲ ಮರೆತುಹೋದ ಇನ್ನೊಂದು ಖಾತೆಯಲ್ಲಿ ಕೂತಿರುತ್ತದೆ.

ಸರ್ಕಾರದಿಂದ ಬಂದ ದುಡ್ಡನ್ನೇ ಬ್ಯಾಂಕ್‌ನವರು ಸಾಲಕ್ಕೆ ಜಮಾ ಮಾಡಿಕೊಂಡರೆ?

ಮೊದಲು ಮ್ಯಾನೇಜರ್‌ಗೆ ಬರಹದಲ್ಲಿ ಕೊಡಿ: ಯಾವ ತಾರೀಖು, ಎಷ್ಟು ದುಡ್ಡು, ಯಾವ ಯೋಜನೆಯದ್ದು. ಪಾಸ್‌ಬುಕ್ ಎಂಟ್ರಿ ಹಾಕಿಸಿ ಆ ಪುಟದ ಜೆರಾಕ್ಸ್ ಅಂಟಿಸಿ. 2024ರಲ್ಲಿ ಬರ ಪರಿಹಾರದ ದುಡ್ಡನ್ನು ರೈತರ ಸಾಲಕ್ಕೆ ಮುರಿದುಕೊಂಡ ದೂರುಗಳು ಬಂದಾಗ, ಹಾಗೆ ಮಾಡಬೇಡಿ ಅಂತ ರಾಜ್ಯ ಸರ್ಕಾರ ಬ್ಯಾಂಕ್‌ಗಳಿಗೆ ಹೇಳಿತ್ತು. ಪ್ರತಿ ಜಿಲ್ಲೆಗೂ ಲೀಡ್ ಬ್ಯಾಂಕ್ ಮ್ಯಾನೇಜರ್ ಅಂತ ಒಬ್ಬರು ಇರುತ್ತಾರೆ. ಶಾಖೆಯಲ್ಲಿ ಕೆಲಸ ಆಗದಿದ್ದರೆ ಅರ್ಜಿಯ ಒಂದು ಪ್ರತಿ ಅವರಿಗೆ, ಇನ್ನೊಂದು ಜಿಲ್ಲಾಧಿಕಾರಿ ಕಚೇರಿಗೆ ಕೊಡಿ. ದುಡ್ಡು ವಾಪಸ್ ಬರಲು ತಿಂಗಳುಗಟ್ಟಲೆ ಹಿಡಿಯಬಹುದು. ಅದಕ್ಕೇ ಮೊದಲೇ ಬೇರೆ ಬ್ಯಾಂಕಿಗೆ ಸೀಡಿಂಗ್ ಬದಲಿಸಿಕೊಳ್ಳಿ ಅಂತ ಹೇಳುವುದು.

ಏನೇನು ದಾಖಲೆ ಬೇಕು?

ಆಧಾರ್, ವೋಟರ್ ಐಡಿ, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ನರೇಗಾ ಜಾಬ್ ಕಾರ್ಡ್ ಇವುಗಳಲ್ಲಿ ಯಾವುದಾದರೂ ಒಂದು. ಜೊತೆಗೆ ಪಾನ್ ಕಾರ್ಡ್. ಪಾನ್ ಇಲ್ಲದಿದ್ದರೆ ಅದರ ಬದಲಿಗೆ ಇರುವ ಘೋಷಣೆಯ ಫಾರ್ಮ್ (ಫಾರ್ಮ್ 60 ಅಂತ ಕರೆಯುತ್ತಿದ್ದದ್ದು) ಬ್ಯಾಂಕಿನಲ್ಲಿ ಕೇಳಿ ತುಂಬಿ ಕೊಟ್ಟರೆ ಆಯಿತು. ಫೋಟೊ ಬೇಕು. ಸಾಲದ ಪತ್ರ, ಸೆಟಲ್‌ಮೆಂಟ್ ಪತ್ರ ಯಾರೂ ಕೇಳಬಾರದು, ನೀವೂ ತೋರಿಸಬೇಕಿಲ್ಲ.

ಒಂದು ದಾಖಲೆಯೂ ಸರಿ ಇಲ್ಲ. ಆಗ?

'ಸಣ್ಣ ಖಾತೆ' ಅಂತ ಇದೆ. ಬ್ಯಾಂಕ್ ಅಧಿಕಾರಿಯ ಎದುರು ಫೋಟೊ ಕೊಟ್ಟು, ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ತೆರೆಯಬಹುದು. ಮಿತಿ ಬಿಗಿ. ವರ್ಷಕ್ಕೆ ಒಟ್ಟು 1 ಲಕ್ಷ ರೂಪಾಯಿ ಮಾತ್ರ ಜಮಾ ಆಗಬಹುದು. ತಿಂಗಳಿಗೆ 10,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಯಾವ ಹೊತ್ತಿನಲ್ಲೂ ಬ್ಯಾಲೆನ್ಸ್ 50,000 ದಾಟಬಾರದು. ಹನ್ನೆರಡು ತಿಂಗಳು ನಡೆಯುತ್ತದೆ. ದಾಖಲೆಗೆ ಅರ್ಜಿ ಹಾಕಿದ್ದೇನೆ ಅಂತ ತೋರಿಸಿದರೆ ಇನ್ನು ಹನ್ನೆರಡು ತಿಂಗಳು ಸಿಗುತ್ತದೆ.

ಕೌಂಟರ್‌ನಲ್ಲಿ 'ಝೀರೋ ಬ್ಯಾಲೆನ್ಸ್ ಖಾತೆ ಈಗ ಇಲ್ಲ' ಅಂತ ಕಳಿಸಿಬಿಟ್ಟರು. ನಿಜವಾ?

ಇಲ್ಲ. ಆದರೆ ಈ ಉತ್ತರ ಬರುವುದು ಮಾತ್ರ ನಿಜ. 'ಆ ಸ್ಕೀಮ್ ನಿಂತುಹೋಗಿದೆ ಸರ್, 2,000 ಇಟ್ಟು ಮಾಮೂಲಿ ಖಾತೆ ಮಾಡಿಸಿ' ಅಂತಾರೆ. ಹಿಂದೆ ಕ್ಯೂ ಬೆಳೆದಿರುತ್ತದೆ, ನಾವೂ ತಲೆಯಾಡಿಸಿ ಬಂದುಬಿಡುತ್ತೇವೆ. ಜಗಳ ಬೇಡ. 'ನನಗೆ ಬಿಎಸ್‌ಬಿಡಿ ಖಾತೆಯ ಅರ್ಜಿ ಕೊಡಿ, ಇಲ್ಲ ಅಂತಾದರೆ ಯಾಕೆ ಇಲ್ಲ ಅಂತ ಬರೆದುಕೊಡಿ' ಅನ್ನಿ. ಬರೆದುಕೊಡಿ ಅಂದ ತಕ್ಷಣ ಅರ್ಧ ಸಮಸ್ಯೆ ಕರಗುತ್ತದೆ.

ಅರ್ಜಿಯಲ್ಲಿ ಖಾತೆಯ ವಿಧ ಅನ್ನೋ ಜಾಗದಲ್ಲಿ ಯಾವ ಚೌಕಕ್ಕೆ ಟಿಕ್ ಬಿದ್ದಿದೆ ಅಂತ ನೀವೇ ನೋಡಿ. ಎಷ್ಟೋ ಸಲ ಒಳಗಿನವರು ಅಭ್ಯಾಸಬಲದಿಂದ ಮಾಮೂಲಿ ಎಸ್‌ಬಿ ಖಾತೆಗೆ ಟಿಕ್ ಹಾಕಿರುತ್ತಾರೆ. ಆರು ತಿಂಗಳ ಮೇಲೆ ಮಿನಿಮಮ್ ಬ್ಯಾಲೆನ್ಸ್ ದಂಡ ಬಿದ್ದಾಗಲೇ ಅದು ಗೊತ್ತಾಗುವುದು.

ಇನ್ನೊಂದು ಮಾತು. ಕೆಲವು ಸರ್ಕಾರಿ ಬ್ಯಾಂಕ್‌ಗಳು ಮಾಮೂಲಿ ಖಾತೆಗೂ ಕನಿಷ್ಠ ಬ್ಯಾಲೆನ್ಸ್ ತೆಗೆದುಹಾಕಿವೆ. ಎಸ್‌ಬಿಐ 2020ರಲ್ಲೇ ತೆಗೆಯಿತು, ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ. ಅಲ್ಲಿ ನಿಮಗೆ ಸಾಲ ಇಲ್ಲದಿದ್ದರೆ ಬೇಸಿಕ್ ಖಾತೆಗೇ ಪಟ್ಟು ಹಿಡಿಯಬೇಕಿಲ್ಲ. ಎಸ್‌ಎಂಎಸ್, ಕಾರ್ಡ್ ಶುಲ್ಕ ಎಷ್ಟು ಅಂತ ಮಾತ್ರ ಕೇಳಿಕೊಳ್ಳಿ.

ಅದೇ ಬ್ಯಾಂಕಿನಲ್ಲಿ ನನ್ನದು ಇನ್ನೊಂದು ಉಳಿತಾಯ ಖಾತೆ ಇದ್ದರೆ?

ಬೇಸಿಕ್ ಖಾತೆ ತೆರೆದ 30 ದಿನಗಳೊಳಗೆ ಆ ಇನ್ನೊಂದನ್ನು ಮುಚ್ಚಬೇಕು. ಬೇರೆ ಯಾವ ಬ್ಯಾಂಕಿನಲ್ಲೂ ನನ್ನ ಬೇಸಿಕ್ ಖಾತೆ ಇಲ್ಲ ಅಂತ ಒಂದು ಘೋಷಣೆಗೂ ಸಹಿ ಹಾಕಿಸಿಕೊಳ್ಳುತ್ತಾರೆ. ಮರೆತುಹೋದ ಜನಧನ್ ಖಾತೆ ಇದೆಯಾ ಅಂತ ಮನೆಯಲ್ಲಿ ಒಮ್ಮೆ ಕೇಳಿ ನೋಡಿ. ಇದ್ದು, ಅದು ಸಾಲವಿಲ್ಲದ ಬ್ಯಾಂಕಿನದ್ದಾದರೆ ಹೊಸದೇ ಬೇಡ, ಅದನ್ನೇ ಜೀವಂತ ಮಾಡಿಸಿದರೆ ಸಾಕು. ಎರಡು ವರ್ಷ ವ್ಯವಹಾರ ಮಾಡದಿದ್ದರೆ ಖಾತೆ ನಿಷ್ಕ್ರಿಯ ಆಗುತ್ತದೆ, ಆದರೆ ಮತ್ತೆ ಚಾಲೂ ಮಾಡಲು ಶುಲ್ಕ ಕೇಳುವಂತಿಲ್ಲ. ಕೆವೈಸಿ ಹೊಸದಾಗಿ ಕೊಡಬೇಕು, ಅಷ್ಟೇ.

ನಾಲ್ಕೇ ಸಲ ದುಡ್ಡು ತೆಗೆಯಬಹುದು ಅಂದರೆ ಫೋನ್‌ಪೇ, ಗೂಗಲ್‌ಪೇ?

ಡಿಜಿಟಲ್ ಪಾವತಿಗಳು ಆ ನಾಲ್ಕರ ಲೆಕ್ಕಕ್ಕೆ ಬರುವುದಿಲ್ಲ ಅಂತ 2026ರ ಏಪ್ರಿಲ್‌ನಿಂದ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಎಟಿಎಂನಿಂದ 200, 300 ತೆಗೆಯುವ ಅಭ್ಯಾಸ ಇದ್ದವರು ಮಾತ್ರ ಸ್ವಲ್ಪ ಕೈ ಬಿಗಿ ಹಿಡಿಯಬೇಕು.

ಜನಧನ್‌ನಲ್ಲಿ 10,000 ಓವರ್‌ಡ್ರಾಫ್ಟ್ ಸಿಗುತ್ತದಂತೆ. ತಗೋಬಹುದಾ?

ಓವರ್‌ಡ್ರಾಫ್ಟ್ ಅಂದರೆ ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯುವುದು, ಅದೂ ಸಾಲವೇ. ಅರ್ಹತೆ ನೋಡಿಯೇ ಕೊಡುತ್ತಾರೆ, 2,000 ರೂಪಾಯಿವರೆಗೆ ಷರತ್ತು ಕಡಿಮೆ. ನನ್ನ ಅಭಿಪ್ರಾಯ ಕೇಳಿದರೆ, ಬೇಡ. ಕಂತಿನ ಒಪ್ಪಂದದಲ್ಲಿ ಇರುವಾಗ ಈ ಖಾತೆಯ ಬ್ಯಾಂಕಿಗೂ ಸಾಲಗಾರರಾದರೆ, ಬೇರೆ ಬ್ಯಾಂಕಿಗೆ ಬಂದದ್ದು ಯಾಕೆ?

ಸಾಲ ನನ್ನ ಯಜಮಾನರದ್ದು. ನನ್ನ ಖಾತೆಗೆ ಕೈ ಹಾಕುತ್ತಾರಾ?

ನೀವು ಸಹ-ಸಾಲಗಾರರಾಗಿ ಅಥವಾ ಜಾಮೀನುದಾರರಾಗಿ ಸಹಿ ಹಾಕಿಲ್ಲದಿದ್ದರೆ, ನಿಮ್ಮ ಒಬ್ಬರ ಹೆಸರಿನ ಖಾತೆಯನ್ನು ಮುಟ್ಟುವಂತಿಲ್ಲ. ಸಹಿ ಹಾಕಿದ್ದರೆ ಸಾಲ ನಿಮ್ಮದೂ ಆಯಿತು. ಮೈಕ್ರೋಫೈನಾನ್ಸ್ ಸಾಲದಲ್ಲಿ ಹೆಂಡತಿ ಸಾಲಗಾರ್ತಿ, ಗಂಡ ಸಹ-ಸಾಲಗಾರ ಅಂತ ಇರುವುದು ಸಾಮಾನ್ಯ. ಗುಂಪಿನ ಸಾಲದಲ್ಲಿ ಪಕ್ಕದ ಮನೆಯವರಿಗೂ ಜಾಮೀನು ನಿಂತಿರಬಹುದು. ಸಾಲದ ಕಾರ್ಡ್, ಅರ್ಜಿ ಹುಡುಕಿ ಯಾರ ಹೆಸರು ಎಲ್ಲಿದೆ ಅಂತ ನೋಡದೆ ಧೈರ್ಯ ಹೇಳುವುದು ಕಷ್ಟ. ಸಾಲ ಇರುವವರ ಜೊತೆ ಜಂಟಿ ಖಾತೆ ಮಾತ್ರ ಈಗ ಬೇಡ.

ಕಂಪನಿಯವರು ಇದೇ ಬ್ಯಾಂಕಿಗೆ ಸಂಬಳ ಅಂತಾರೆ. ನನ್ನ ಸಾಲವೂ ಅಲ್ಲೇ ಇದೆ.

ಎಚ್‌ಆರ್‌ನವರನ್ನು ಒಮ್ಮೆ ಕೇಳಿ. ಎಷ್ಟೋ ಕಡೆ ಕ್ಯಾನ್ಸಲ್ ಮಾಡಿದ ಚೆಕ್ ಅಥವಾ ಪಾಸ್‌ಬುಕ್ ಮೊದಲ ಪುಟ ಕೊಟ್ಟರೆ ಬದಲಿಸುತ್ತಾರೆ. ಕಾರಣ ಹೇಳಬೇಕಿಲ್ಲ, 'ಮನೆ ಹತ್ತಿರದ ಶಾಖೆ' ಅಂದರೆ ಸಾಕು. ಆಗುವುದೇ ಇಲ್ಲ ಅಂದರೆ, ಸಾಲದ ಒಪ್ಪಂದದಲ್ಲೇ 'ಕಂತು ಕಟ್ಟುತ್ತಿರುವವರೆಗೆ ಸಂಬಳ ಖಾತೆಗೆ ಲೀನ್ ಹಾಕುವುದಿಲ್ಲ' ಅಂತ ಬರೆಸಿಕೊಳ್ಳಿ. ಬಾಯಿಮಾತಿಗೆ ಬೆಲೆ ಇಲ್ಲ. ಇವತ್ತು ಹೇಳಿದ ಮ್ಯಾನೇಜರ್ ನಾಳೆ ವರ್ಗ ಆಗಿ ಹೋಗಿರುತ್ತಾರೆ.

ಕೋರ್ಟಿನಿಂದ ಖಾತೆ ಜಪ್ತಿ ಆಗಬಹುದಾ?

ಆಗಬಹುದು. ಆಗ ಬೇರೆ ಬ್ಯಾಂಕ್ ಅನ್ನೋ ರಕ್ಷಣೆ ಇಲ್ಲ, ಡಿಕ್ರಿ, ಅಂದರೆ ಕೋರ್ಟಿನ ತೀರ್ಪಿನ ಆದೇಶ, ಯಾವ ಬ್ಯಾಂಕಿಗೂ ತಲುಪುತ್ತದೆ. ಲೋಕ ಅದಾಲತ್‌ನಲ್ಲಿ ಆದ ರಾಜಿಗೂ ಡಿಕ್ರಿಯ ಬಲವೇ ಇದೆ. ಅಲ್ಲಿ ಒಪ್ಪಿಕೊಂಡ ಕಂತು ತಪ್ಪಿಸಿದರೆ ನೇರ ಜಾರಿ ಅರ್ಜಿ ಬೀಳುತ್ತದೆ, ಮೇಲ್ಮನವಿಗೆ ದಾರಿ ಇರುವುದಿಲ್ಲ.

ಹಾಗಂತ ಎಲ್ಲವನ್ನೂ ಬಾಚಿಕೊಳ್ಳುವಂತಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ಪ್ರಕಾರ ಇಂಥ ಸಾಲದ ಡಿಕ್ರಿಯಲ್ಲಿ ಸಂಬಳದ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗ ಮುಟ್ಟಬಾರದು. ಸಂಬಳ 16,000 ಇದ್ದರೆ 11,000 ಉಳಿಯುತ್ತದೆ, 5,000 ಜಪ್ತಿಗೆ ಸಿಗಬಹುದು. ಕೂಲಿಕಾರರ, ಮನೆಗೆಲಸದವರ ಕೂಲಿ ಪೂರ್ತಿ ಹೊರಗೆ. ಸರ್ಕಾರಿ ನಿವೃತ್ತಿ ವೇತನವೂ ಹೊರಗೆ. ಪಿಂಚಣಿ, ಗ್ರಾಚ್ಯುಟಿ ಕೈಗೆ ಬಂದ ಮೇಲೂ ಆ ರಕ್ಷಣೆ ಹೋಗುವುದಿಲ್ಲ ಅಂತ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಪ್ರಕರಣವೊಂದರಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಇದನ್ನು ಕೋರ್ಟಿಗೆ ಹೋಗಿ ಹೇಳಿಕೊಳ್ಳಬೇಕಾದವರು ನೀವು. ವಕೀಲರ ಫೀಸಿಗೆ ದುಡ್ಡಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರಿಗೆ, ಎಸ್‌ಸಿ, ಎಸ್‌ಟಿಯವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ.

ವಸೂಲಿಗೆ ಬರುವವರು ಹೊಸ ಖಾತೆಯ ಎಟಿಎಂ ಕಾರ್ಡ್, ಪಿನ್ ಕೊಡಿ ಅಂತಿದ್ದಾರೆ.

ಕೊಡಬೇಡಿ. ಖಾಲಿ ಚೆಕ್ಕಿಗೆ ಸಹಿ ಹಾಕಿಯೂ ಕೊಡಬೇಡಿ. ಕಾರ್ಡ್ ಅಡ ಇಟ್ಟುಕೊಂಡು ತಿಂಗಳು ತಿಂಗಳು ತಾವೇ ದುಡ್ಡು ತೆಗೆಯುವ ಲೇವಾದೇವಿಯವರು ಊರೂರಲ್ಲೂ ಇದ್ದಾರೆ. ಒಮ್ಮೆ ಕೊಟ್ಟರೆ ಎಷ್ಟು ತೆಗೆದರು ಅನ್ನೋದಕ್ಕೆ ಲೆಕ್ಕವೇ ಇರುವುದಿಲ್ಲ. ಕಂತನ್ನು ನೀವೇ ಕಳಿಸಿ, ಯುಪಿಐ ಅಥವಾ ನ್ಯಾಚ್‌ನಲ್ಲಿ. ಕೈಯಲ್ಲಿ ಕೊಟ್ಟರೆ ಅಲ್ಲೇ ನಿಂತು ರಸೀದಿ ಪಡೆಯಿರಿ.

ಮೈಕ್ರೋಫೈನಾನ್ಸ್ ಸಾಲದ ವಸೂಲಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡುವಂತಿಲ್ಲ. ಬೇರೆ ಸಾಲಗಳಿಗೆ ಬೆಳಿಗ್ಗೆ 8ರಿಂದ ಸಂಜೆ 7. ಇದು ಆರ್‌ಬಿಐ ನಿಯಮ. ಬೆದರಿಕೆ, ಮನೆಗೆ ಬೀಗ, ಸಾಮಾನು ಎತ್ತಿಕೊಂಡು ಹೋಗುವುದು ಇಂಥದ್ದಕ್ಕೆ ರಾಜ್ಯದಲ್ಲಿ 2025ರ ಫೆಬ್ರವರಿಯಲ್ಲಿ ಬಂದ ಸುಗ್ರೀವಾಜ್ಞೆ ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇಟ್ಟಿತು. ಆಮೇಲೆ ಅದು ಕಾಯ್ದೆಯಾಯಿತು. ಆರ್‌ಬಿಐನಲ್ಲಿ ನೋಂದಣಿಯಾದ ಸಂಸ್ಥೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಅವರ ಮೇಲೆ ದೂರು ಇದ್ದರೆ ಆರ್‌ಬಿಐಗೆ. ಕೈ ಮಾಡಿದರೆ, ಹೆದರಿಸಿದರೆ ಯಾರೇ ಆಗಲಿ ಪೊಲೀಸ್ ಠಾಣೆಗೆ.

ಒಪ್ಪಂದದ ಕೊನೆಯ ಕಂತು ಕಟ್ಟಿದೆ. ಈಗ?

ನೋ ಡ್ಯೂ (ಬಾಕಿ ಇಲ್ಲ) ಪತ್ರ ಪಡೆಯಿರಿ. ಮ್ಯಾಂಡೇಟ್ ರದ್ದಾಗಿದೆಯಾ ನೋಡಿ, ತೀರಿದ ಸಾಲಕ್ಕೂ ಮುಂದಿನ ತಿಂಗಳು ಕಡಿತ ಆದ ಉದಾಹರಣೆಗಳಿವೆ. ಆಮೇಲೆ ಕ್ರೆಡಿಟ್ ರಿಪೋರ್ಟ್ ತೆಗೆಸಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಈ ನಾಲ್ಕೂ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಉಚಿತವಾಗಿ ಕೊಡಬೇಕು. ಪೂರ್ತಿ ಕಟ್ಟಿದ್ದರೆ 'ಕ್ಲೋಸ್ಡ್' ಅಂತ ಇರಬೇಕು. ಕಡಿಮೆ ಕಟ್ಟಿ ರಾಜಿ ಆಗಿದ್ದರೆ 'ಸೆಟಲ್ಡ್' ಅಂತ ಬರುತ್ತದೆ, ಮುಂದೆ ಸಾಲ ಕೇಳುವಾಗ ಅದು ಅಡ್ಡ ಬರಬಹುದು.

ಬ್ಯಾಂಕ್ ಮೇಲೆ ಎಲ್ಲಿ ದೂರು ಕೊಡಬೇಕು?

ಮೊದಲು ಶಾಖೆಗೆ ಬರಹದಲ್ಲಿ. 30 ದಿನಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಅನಿಸದಿದ್ದರೆ, ಬ್ಯಾಂಕ್ ದೂರುಗಳನ್ನು ಇತ್ಯರ್ಥ ಮಾಡುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ. ಶುಲ್ಕವಿಲ್ಲ, ವಕೀಲರೂ ಬೇಡ. ಆರ್‌ಬಿಐನ ದೂರಿನ ವೆಬ್‌ಸೈಟ್ ಆದ ಸಿಎಂಎಸ್ ಪೋರ್ಟಲ್‌ನಲ್ಲಿ ಹಾಕಬಹುದು, ಅಂಚೆಯಲ್ಲೂ ಕಳಿಸಬಹುದು. ಹೇಗೆ ಬರೆಯಬೇಕು ಅಂತ ತಿಳಿಯದಿದ್ದರೆ 14448ಕ್ಕೆ ಕರೆ ಮಾಡಿ. ಶಾಖೆಗೆ ಕೊಟ್ಟ ಮೊದಲ ಪತ್ರದ ಸೀಲು ಬಿದ್ದ ನಕಲು ಇಲ್ಲದೆ ಒಂಬುಡ್ಸ್‌ಮನ್‌ಗೆ ಹೋದರೆ ಅರ್ಜಿ ಹಿಂದಕ್ಕೆ ಬರುವ ಸಂಭವ ಜಾಸ್ತಿ, ಹಾಗಾಗಿ ಆ ನಕಲನ್ನು ಪಾಸ್‌ಬುಕ್ ಜೊತೆಗೇ ಇಟ್ಟುಕೊಳ್ಳಿ.